ಆ್ಯಪ್ ಕೂಗಿದರೆ ಸಾಕೆ, ಬಾಗಿಲು ತೆರೆಯುವವರು ಬೇಡವೆ?

ಮಾನ್ಯ ಸಂಪಾದಕರೇ,

ಹೆರಾಯಿನ್‌ನಂಥ ಓಪಿಯಾಯ್ಡ್ ವ್ಯಸನಿಗಳ ಜೀವ ಉಳಿಸುವ ಆ್ಯಪ್ ನಮ್ಮಲ್ಲೂ ಬರಲಿ ಎನ್ನುವವರು ಕೆನಡಾದ ‘ಲೈಫ್‌ಗಾರ್ಡ್’ ಹೆಸರು ಹೇಳುತ್ತಾರೆ. 2020ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾರಿಗೆ ಬಂದ ಆ್ಯಪ್ ಅದು. ಒಂಟಿಯಾಗಿ ಮಾದಕ ಸೇವಿಸುವವನು ಮೊದಲೇ ಟೈಮರ್ ಒತ್ತಬೇಕು. 50 ಸೆಕೆಂಡಿಗೆ ಅಲಾರಂ ಹೊಡೆಯುತ್ತದೆ. ಆರಿಸದಿದ್ದರೆ ಸದ್ದು ಏರುತ್ತದೆ. 75 ಸೆಕೆಂಡಾದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ತಾನಾಗಿ ಕರೆ ಹೋಗುತ್ತದೆ. ಡೋಸ್ ಅತಿಯಾಗಿ ಉಸಿರು ನಿಂತ ನಾಲ್ಕೈದು ನಿಮಿಷದಲ್ಲೇ ಮಿದುಳಿಗೆ ಪೆಟ್ಟು ಬೀಳುವುದರಿಂದ ಈ ಅವಸರ.

ಈ ಲೆಕ್ಕ ಚುಚ್ಚಿಕೊಳ್ಳುವವರಿಗೆ, ಸೇದುವವರಿಗೆ ಸರಿ. ನುಂಗಿದ ಟ್ಯಾಪೆಂಟಡಾಲ್, ಟ್ರಮಡಾಲ್‌ನಂಥ ಓಪಿಯಾಯ್ಡ್ ನೋವಿನ ಮಾತ್ರೆ ಪೂರ್ತಿ ಏರಲು ಗಂಟೆಯ ಮೇಲಾಗುತ್ತದೆ. ಅಷ್ಟರಲ್ಲಿ ಆತ ಅಲಾರಂ ಆರಿಸಿ ಮಲಗಿಬಿಟ್ಟಿರುತ್ತಾನೆ. ಜತೆಗೆ ಮದ್ಯವೋ ನಿದ್ದೆಮಾತ್ರೆಯೋ ಸೇರಿದ್ದರೆ ಕೇಳುವುದೇ ಬೇಡ.

ಫೋನಿನ ತಾಪತ್ರಯ ಬೇರೆ. ಬ್ಯಾಟರಿ ಸೇವರ್ ಆನ್ ಇದ್ದರೆ ಪರದೆ ಆರಿದ ಮೇಲೆ ಆ್ಯಪ್ ಕೂಡ ನಿಂತುಹೋಗಬಹುದು. ಜಿಪಿಎಸ್ ಲಾಡ್ಜ್ ತೋರಿಸುತ್ತದೆ, ಎಷ್ಟನೇ ಮಹಡಿ ಎಂದು ಹೇಳುವುದಿಲ್ಲ. ರೂಮ್ ನಂಬರ್ ಮೊದಲೇ ಬರೆದಿಟ್ಟಿರಬೇಕು, ಒಳಚಿಲಕ ಹಾಕಿರಬಾರದು.

ಅಮೆರಿಕದ ಫಿಲಡೆಲ್ಫಿಯಾ ನಗರದ ಕೆನ್ಸಿಂಗ್ಟನ್ ಬಡಾವಣೆಯಲ್ಲಿ ನಡೆದ ‘ಯೂನಿಟಿಫಿಲಿ’ ಪ್ರಯೋಗ ನಮಗೆ ಹೆಚ್ಚು ಪಾಠ ಹೇಳುತ್ತದೆ. ಅಲ್ಲಿ ಆ್ಯಪ್ ಆಂಬುಲೆನ್ಸಿನ ಜತೆಗೆ ಅಕ್ಕಪಕ್ಕದ ಬೀದಿಯ ಸ್ವಯಂಸೇವಕರನ್ನೂ ಕರೆಯುತ್ತಿತ್ತು. ಅವರ ಚೀಲದಲ್ಲಿ ನಲಾಕ್ಸೋನ್, ಅಂದರೆ ಓಪಿಯಾಯ್ಡ್‌ನ ಪ್ರಭಾವ ತಡೆದು ಉಸಿರು ಮರಳಿಸುವ ಔಷಧಿ, ಇರುತ್ತಿತ್ತು. ಅವರು ಔಷಧಿ ಕೊಟ್ಟ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಆಂಬುಲೆನ್ಸಿಗಿಂತ ಐದು ನಿಮಿಷವೋ ಇನ್ನೂ ಮುಂಚೆಯೋ ತಲುಪಿದ್ದರು. ಅಮೆರಿಕದಲ್ಲಿ ನಲಾಕ್ಸೋನ್‌ನ 4 ಮಿಲಿಗ್ರಾಂ ಮೂಗಿನ ಸ್ಪ್ರೇ 2023ರಿಂದ ಚೀಟಿಯಿಲ್ಲದೆ ಸಿಗುತ್ತದೆ. ನಮ್ಮಲ್ಲಿ ನಲಾಕ್ಸೋನ್ ಎಂದರೆ ಮುಖ್ಯವಾಗಿ ಆಸ್ಪತ್ರೆಯ ಇಂಜೆಕ್ಷನ್, ಅದೂ ವೈದ್ಯರ ಚೀಟಿ ಮೇಲೆ. ಸ್ನೇಹಿತನ ಕೈಯಲ್ಲಿ ಅದಿಲ್ಲದಿದ್ದರೆ ಆ್ಯಪ್ ಬರೀ ಗಂಟೆ.

ಔಷಧಿ ಕೊಟ್ಟ ಮೇಲೂ ಬಿಟ್ಟು ಹೋಗುವಂತಿಲ್ಲ. ಅದರ ಪ್ರಭಾವ 30ರಿಂದ 90 ನಿಮಿಷ. ಮಾದಕ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿದರೆ ಉಸಿರು ಮತ್ತೆ ಕುಗ್ಗುತ್ತದೆ. ಉಸಿರಾಟ ಸರಿಯಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಐದು ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಆ್ಯಪ್ ಕನ್ನಡದಲ್ಲಿ, ಧ್ವನಿಯಲ್ಲಿ ಹೇಳಿಕೊಡಬೇಕು.

ಕೊನೆಗೆ ಪೊಲೀಸರ ಭಯ. ಕೆನಡಾದಲ್ಲಿ 2017ರ ಕಾನೂನು, ಸಹಾಯಕ್ಕೆ ಕರೆದವರ ಮೇಲೆ ಮಾದಕ ಇಟ್ಟುಕೊಂಡ ಕೇಸು ಹಾಕದಂತೆ ತಡೆಯುತ್ತದೆ. ಮಾದಕ ವಸ್ತುಗಳ ಕುರಿತ ನಮ್ಮ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಚಿಕಿತ್ಸೆಗೆ ತಾನಾಗಿ ಬಂದ ವ್ಯಸನಿಗೆ ರಕ್ಷಣೆ ಕೊಡುತ್ತದೆ; 108ಕ್ಕೆ ಫೋನ್ ಮಾಡಿದ ಗೆಳೆಯನ ಬಗ್ಗೆ ಮಾತೇ ಇಲ್ಲ. ಆ್ಯಪ್‌ಗೆ ಟೆಂಡರ್ ಕರೆಯುವ ಮೊದಲು ಸರ್ಕಾರ ಆ ಗೆಳೆಯನಿಗೆ ಉತ್ತರ ಕೊಡಲಿ.

– ವ್ಯಸನ ಚಿಕಿತ್ಸಾ ಆಪ್ತಸಮಾಲೋಚಕರು, ಬೆಂಗಳೂರು