ಲೋನಿ, ಹಾಲ್–ನೈಟ್ ಕನ್ನಡಕ್ಕೂ ಬರಲಿ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಪದವಿಪೂರ್ವ ತರಗತಿಗಳು ಆರಂಭವಾಗುತ್ತಿದ್ದಂತೆ ಉಡುಪಿಯ ಪುಸ್ತಕದಂಗಡಿಗಳಲ್ಲಿ ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಗಳು, ಎರಡು ಪುಸ್ತಕಗಳನ್ನು ಹೆಸರು ಹಿಡಿದು ಕೇಳುವುದನ್ನು ನೋಡುತ್ತ ಬಂದಿದ್ದೇನೆ. ಒಂದು ಎಸ್.ಎಲ್. ಲೋನಿಯವರ ತ್ರಿಕೋನಮಿತಿ, ಇನ್ನೊಂದು ಹಾಲ್ ಮತ್ತು ನೈಟ್ ಅವರ ‘ಹೈಯರ್ ಆಲ್ಜೀಬ್ರಾ’. ಮೊದಲನೆಯದು 1893ರಲ್ಲಿ, ಎರಡನೆಯದು 1887ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದವು. ಅಲ್ಲಿನ ಶಾಲೆಗಳು ಇವನ್ನು ಎಂದೋ ಮರೆತವು. ಇಲ್ಲಿ ಐಐಟಿ ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳ ಮೇಜಿನ ಮೇಲೆ ಇವು ಈಗಲೂ ಇವೆ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಶ್ರೀನಿವಾಸ ರಾಮಾನುಜನ್. ಕುಂಭಕೋಣದಲ್ಲಿ ಹುಡುಗನಾಗಿದ್ದಾಗಲೇ ಅವರು ಲೋನಿಯವರ ಪುಸ್ತಕವನ್ನು ಅರಗಿಸಿಕೊಂಡಿದ್ದರೆಂಬುದು ನಿಜ. ಆದರೆ ಅವರ ಬದುಕಿನ ದಿಕ್ಕನ್ನೇ ಬದಲಿಸಿದ್ದು 1903ರಲ್ಲಿ ಕೈಗೆ ಸಿಕ್ಕ, ಕಾರ್ ಎಂಬವರು ಸಾವಿರಾರು ಸೂತ್ರಗಳನ್ನು ಒಟ್ಟುಹಾಕಿದ್ದ ಇನ್ನೊಂದು ಗ್ರಂಥ. ಅದನ್ನು ಅಂಗಡಿಯಲ್ಲಿ ಕೇಳುವ ಒಬ್ಬರನ್ನೂ ನಾನು ಕಂಡಿಲ್ಲ. ದೊಡ್ಡವರ ಹೆಸರೊಂದೇ ಪುಸ್ತಕವನ್ನು ಉಳಿಸುವುದಾದರೆ ಇಂದು ಮಾರಾಟವಾಗಬೇಕಿದ್ದುದು ಅದು.

ಲೋನಿ ಉಳಿದದ್ದು ಲೆಕ್ಕಗಳನ್ನು ಜೋಡಿಸಿದ ಕ್ರಮದಿಂದ ಎಂಬುದು ಮೂರು ದಶಕ ಪಾಠ ಮಾಡಿದ ನನ್ನ ಅಭಿಪ್ರಾಯ. ಎರಡು ಮೂರು ಮಾದರಿಗಳನ್ನು ಬಿಡಿಸಿ ತೋರಿಸಿ, ಆಮೇಲೆ ವಿದ್ಯಾರ್ಥಿಯನ್ನು ಅವನ ಪಾಡಿಗೆ ಬಿಡುವ ಆ ಪುಸ್ತಕದಲ್ಲಿ ಪ್ರತಿಯೊಂದು ಲೆಕ್ಕವೂ ಹಿಂದಿನದಕ್ಕಿಂತ ಒಂದೇ ಒಂದು ಹೆಜ್ಜೆ ಮುಂದಿರುತ್ತದೆ. ಒಮ್ಮೆ ವಿದ್ಯಾರ್ಥಿಗಳನ್ನು ಕಾಪುವಿನ ದೀಪಸ್ತಂಭಕ್ಕೆ ಕರೆದುಕೊಂಡು ಹೋಗಿದ್ದೆ. ಅದು ಬಂಡೆಯ ಮೇಲೆ ನಿಂತಿರುವುದರಿಂದ ಗೋಪುರದ ನೇರ ಕೆಳಗಿನ ಬಿಂದುವಿನ ತನಕ ಟೇಪು ಹಿಡಿಯಲು ಆಗಲಿಲ್ಲ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ತೂಗಿಸಿ, ಮರಳಿನ ಮೇಲೆ ಒಂದೇ ನೇರದಲ್ಲಿ ಎರಡು ಕಡೆ ನಿಂತು ಉನ್ನತ ಕೋನ ಅಳೆದರು. ಹತ್ತಿರ ಹೋಗಲಾಗದ ಗೋಪುರದ ಎತ್ತರವನ್ನು ಎರಡು ಕೋನಗಳಿಂದ ಕಂಡುಹಿಡಿಯುವ ಲೋನಿಯವರ ಲೆಕ್ಕವೇ ಇದು ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಗುರುತಿಸಿದಳು. ಸೂತ್ರವನ್ನು ಚೌಕದೊಳಗೆ ಹಾಕಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಲು ‘ಟ್ರಿಕ್’ ಹೇಳಿಕೊಡುವ ಇಂದಿನ ಗೈಡುಗಳನ್ನು ಓದಿದವರಿಗೆ ಈ ಗುರುತು ಸಿಗುವುದು ಕಷ್ಟ.

ಹಾಗೆಂದು ಇವು ದೋಷವಿಲ್ಲದ ಪುಸ್ತಕಗಳಲ್ಲ. ಸದಿಶಗಳನ್ನು (ವೆಕ್ಟರ್) ಇವುಗಳಿಂದ ಕಲಿಯಲಾಗದು. 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್ ಎಂಬ ಲೆಕ್ಕವನ್ನು ಬ್ರಿಟಿಷರೇ 1971ರಲ್ಲಿ ಕೈಬಿಟ್ಟಿದ್ದರೂ ನಮ್ಮ ಮಕ್ಕಳು ಅದರಲ್ಲಿ ಇನ್ನೂ ಕೂಡಿ ಕಳೆಯುತ್ತಿದ್ದಾರೆ! ಅದಕ್ಕಿಂತ ದೊಡ್ಡ ತೊಂದರೆ ಹಳೆಯ ಪುಟಗಳನ್ನು ಸ್ಕ್ಯಾನ್ ಮಾಡಿ, ತಿದ್ದಿ ನೋಡದೆ ಅಚ್ಚು ಹಾಕುವ ಅಗ್ಗದ ಪ್ರತಿಗಳದು. ಫ್ಯಾಕ್ಟೋರಿಯಲ್, ಅಂದರೆ 1ರಿಂದ ಒಂದು ಸಂಖ್ಯೆಯವರೆಗಿನ ಎಲ್ಲ ಪೂರ್ಣಸಂಖ್ಯೆಗಳ ಗುಣಲಬ್ಧ, ಬರೆಯಲು ಹಾಲ್ ಮತ್ತು ನೈಟ್ ಇಂದಿನಂತೆ ಆಶ್ಚರ್ಯಸೂಚಕ ಚಿಹ್ನೆಯನ್ನು ಬಳಸುವುದಿಲ್ಲ. ಅಂಕಿಯ ಎಡಕ್ಕೂ ಕೆಳಕ್ಕೂ ಗೆರೆ ಎಳೆದು ಮೂಲೆ ಕೂಡಿಸುತ್ತಾರೆ. ನನ್ನ ವಿದ್ಯಾರ್ಥಿಯೊಬ್ಬ ಕೊಂಡು ತಂದ ಪ್ರತಿಯಲ್ಲಿ ಆ ಗೆರೆ ಮಾಸಿ, 5,040 ಎಂದಾಗಬೇಕಿದ್ದ ಉತ್ತರ ಬರೀ 7 ಆಗಿತ್ತು. ತನ್ನ ಉತ್ತರವೇ ತಪ್ಪೆಂದುಕೊಂಡು ಅವನು ಎರಡು ಸಂಜೆ ಅದೇ ಲೆಕ್ಕವನ್ನು ತಿರುಗಿಸಿ ಮುರುಗಿಸಿ ಮಾಡಿದ್ದ.

ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಬೇರೆಯದು. ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತರಗತಿಯವರೆಗೆ ಸಮಾಂತರ ಶ್ರೇಢಿ, ಅವನತ ಕೋನ ಎಂದು ಸ್ಪಷ್ಟವಾಗಿ ಕಲಿತು ಬಂದು, ವಿಜ್ಞಾನ ವಿಭಾಗಕ್ಕೆ ಸೇರಿದೊಡನೆ ಇಂಗ್ಲಿಷಿನ ಮುಂದೆ ಮೂಕರಾಗುತ್ತಾರೆ. ಅವರಿಗೆ ಲೆಕ್ಕ ಬಾರದೆ ಅಲ್ಲ, ಲೆಕ್ಕದ ವಾಕ್ಯ ಅರ್ಥವಾಗದೆ. ಈ ಎರಡು ಪುಸ್ತಕಗಳ ಆಯ್ದ ಅಧ್ಯಾಯಗಳಾದರೂ ಶುದ್ಧವಾದ ಅಚ್ಚಿನಲ್ಲಿ, ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಪಕ್ಕದಲ್ಲಿಟ್ಟುಕೊಂಡು ಕನ್ನಡದಲ್ಲಿ ದೊರೆತರೆ, ಮೊದಲ ಆರು ತಿಂಗಳ ಅವರ ದಿಗಿಲು ಎಷ್ಟೋ ಕಡಿಮೆಯಾದೀತು. ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ ಮಾತ್ರ. ಲೋನಿಯವರು ತೀರಿಕೊಂಡದ್ದು 1939ರಲ್ಲಿ. ಈ ಪುಸ್ತಕಗಳು ಅಗ್ಗವಾಗಿ ಸಿಗುವುದಕ್ಕೂ ಅದೇ ಕಾರಣ.

ಲೋನಿಯವರ ತ್ರಿಕೋನಮಿತಿ ಪ್ರಕಟವಾದ ಮರುವರ್ಷ, 1894ರಲ್ಲಿ, ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮೂಲಕ ಹೊರಬಂತು. ಅಂತಹ ಕೆಲಸ ನಡೆದ ಊರಿನಲ್ಲಿ ಇನ್ನೂರು ಪುಟಗಳ ಗಣಿತ ಪುಸ್ತಕವೊಂದನ್ನು ಕನ್ನಡಕ್ಕೆ ತರುವುದು ದೊಡ್ಡ ಮಾತಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವಾಗಲಿ, ಕನ್ನಡ ಪುಸ್ತಕ ಪ್ರಾಧಿಕಾರವಾಗಲಿ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. ತರಗತಿಯ ಬಳಕೆಗಾಗಿ ನಾನು ಕನ್ನಡಕ್ಕಿಳಿಸಿದ ಎತ್ತರ–ದೂರದ ಲೆಕ್ಕಗಳು ಎರಡು ನೋಟ್‌ಪುಸ್ತಕಗಳಲ್ಲಿವೆ. ಯಾರು ಕೇಳಿದರೂ ಕೊಡುತ್ತೇನೆ. ಅವುಗಳಲ್ಲಿ ಲೋನಿಯವರ ಹಡಗುಗಳು ಮಲ್ಪೆಯ ದೋಣಿಗಳಾಗಿವೆ.

– ನಿವೃತ್ತ ಗಣಿತ ಉಪನ್ಯಾಸಕ, ಉಡುಪಿ