ನಾಳೆಯಿಂದ ಹಡಗಿನಲ್ಲಿ ರಷ್ಯನ್ ಪಾಠ

ಎಲ್ಲರಿಗೂ ನಮಸ್ಕಾರ. ಮಾಸ್ಕೋದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟಿರುವ ನಮ್ಮ ಗುಂಪಿಗೆ ನಾಳೆ ಬೆಳಿಗ್ಗೆ 10ಕ್ಕೆ ಮೇಲಿನ ಡೆಕ್‌ನ ಹಾಲ್‌ನಲ್ಲಿ ರಷ್ಯನ್ ಪಾಠ ಶುರು. ಮುಕ್ಕಾಲು ಗಂಟೆ ಅಷ್ಟೇ.

ಮೊದಲು 33 ಅಕ್ಷರ. ಇಂಗ್ಲಿಷಿನ ಪಿ ಥರ ಕಾಣುವುದು ಇಲ್ಲಿ 'ರ', ಸಿ ಥರದ್ದು 'ಸ', ಎಚ್ ಥರದ್ದು 'ನ'. ಇಷ್ಟು ಗೊತ್ತಾದರೆ ಅಂಗಡಿ ಬೋರ್ಡು ಓದೋದು ಸುಲಭ ಆಗುತ್ತದೆ. ಆಮೇಲೆ ಮಾತು: ಥ್ಯಾಂಕ್ಸಿಗೆ 'ಸ್ಪಸೀಬ', ಬೆಲೆ ಕೇಳಲು 'ಸ್ಕೋಲ್ಕ ಸ್ತೋಯಿತ್'. ಸಸ್ಯಾಹಾರಿಗಳು 'ಬ್ಯೆಜ್ ಮ್ಯಾಸ', ಅಂದರೆ ಮಾಂಸ ಹಾಕದೆ ಕೊಡಿ ಅನ್ನುವುದನ್ನು ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ. ಇಲ್ಲಿನ ಬೀಟ್‌ರೂಟ್ ಸೂಪ್ ಬೋರ್ಷ್‌ನಲ್ಲೂ ಮಾಂಸ ಇರುವುದೇ ಜಾಸ್ತಿ. ದಾರಿಯಲ್ಲಿ ಸಿಗುವ ಉಗ್ಲಿಚ್ ಊರಿನಲ್ಲಿ ಇಳಿದಾಗ ಎಲ್ಲರೂ ಮಾತಾಡಿ ನೋಡೋಣ, ಸಂಕೋಚ ಬೇಡ.

ನೋಟ್‌ಬುಕ್, ಪೆನ್ನು ತನ್ನಿ. ಮಕ್ಕಳನ್ನೂ ಕರೆತನ್ನಿ. ಬರುವವರು ಇವತ್ತು ರಾತ್ರಿ ಊಟದೊಳಗೆ ಇಲ್ಲೇ ಹೆಸರು ಹಾಕಿ, ಕುರ್ಚಿ ಹಾಕಿಸಬೇಕು.