ಧೂಳಿನ ಚೀಲದೊಳಗೆ ಕೆಂಡ

ಮಾನ್ಯರೇ,

ಕಳೆದ ತಿಂಗಳು ನಮ್ಮ ಮರಗೆಲಸದ ಶೆಡ್‌ನಲ್ಲಿ ಹಳೇ ಬಾಗಿಲು ಕೊಯ್ಯುವಾಗ ಒಳಗಿದ್ದ ಮೊಳೆಗೆ ಗರಗಸ ತಾಗಿ ಕಿಡಿ ಹಾರಿತು. ಮರದ ಹೊಟ್ಟನ್ನು ಪೈಪಿನಲ್ಲಿ ಎಳೆದು ಚೀಲಕ್ಕೆ ತುಂಬುವ ಮಷಿನ್, ಅಂದರೆ ಡಸ್ಟ್ ಕಲೆಕ್ಟರ್, ಆ ಕಿಡಿಯನ್ನೂ ಎಳೆದುಕೊಂಡಿತು, ಯಾರೂ ಗಮನಿಸಲಿಲ್ಲ. ಸಂಜೆ ಬೀಗ ಹಾಕುವಾಗ ಸುಟ್ಟ ವಾಸನೆ. ಚೀಲ ಬಿಚ್ಚಿದರೆ ಹೊಟ್ಟಿನ ನಡುವೆ ಅಂಗೈಯಷ್ಟು ಜಾಗ ಕಪ್ಪಾಗಿ, ಒಳಗೊಳಗೇ ಕೆಂಡವಾಗಿತ್ತು! ಹೊಟ್ಟು ಹೀಗೆ ಗಂಟೆಗಟ್ಟಲೆ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತದೆ, ನುಣ್ಣನೆ ಧೂಳು ಗಾಳಿಯಲ್ಲಿ ಜಾಸ್ತಿ ತೇಲುತ್ತಿದ್ದರೆ ಸಿಡಿಯಲೂಬಹುದು. ದಯವಿಟ್ಟು ಮೊಳೆ ಕಿತ್ತೇ ಕೊಯ್ಯಿರಿ. ಕಬ್ಬಿಣ ಉಜ್ಜುವ ಗ್ರೈಂಡರ್‌ಗೆ ಅದೇ ಪೈಪ್ ಜೋಡಿಸಲೇಬೇಡಿ. ಚೀಲವನ್ನು ದಿನವೂ ಖಾಲಿ ಮಾಡಿ, ಹೊಟ್ಟನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಸುರಿದು ಶೆಡ್‌ನಿಂದ ದೂರ ಇಡಿ. ಮಷಿನ್ ಮಾರುವವರು ಇಷ್ಟನ್ನಾದರೂ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಕೊಡಬೇಕು, ಅಲ್ವಾ?

– ಒಬ್ಬ ಬಡಗಿ, ಶಿರಸಿ